ತೂಕ ಅಂದರೆ ನೋಡುವ

ಮೂಡುಬಿದಿರೆಯ ಬಸ್ ನಿಲ್ದಾಣದಿಂದ ಸ್ವಲ್ಪ ಮುಂದೆ ಒಂದು ಹೋಟೆಲಿನ ಮಾಳಿಗೆಯಲ್ಲಿ ಸಣ್ಣದೊಂದು ಹಾಲ್ ಇದೆ. ನಿಶ್ಚಿತಾರ್ಥ, ಸೊಸೈಟಿಯ ಮಹಾಸಭೆ, ಹಳೆವಿದ್ಯಾರ್ಥಿಗಳ ಊಟ, ಎಲ್ಲಕ್ಕೂ ಅದೇ. ಕಳೆದ ತಿಂಗಳು ಅದರ ಮೆಟ್ಟಿಲು ಹತ್ತುವಾಗ ಒದ್ದೆ ಕೊಡೆ, ಫಿನಾಯಿಲ್ ಮತ್ತು ಕೆಳಗಿನ ಅಡುಗೆಕೋಣೆಯಲ್ಲಿ ಕಾಯುತ್ತಿದ್ದ ಎಣ್ಣೆ, ಮೂರೂ ಸೇರಿದ ವಾಸನೆ ಮೂಗಿಗೆ ಬಡಿಯಿತು. ನಾನು ಮೆಟ್ಟಿಲಿನಲ್ಲೇ ನಿಂತುಬಿಟ್ಟೆ. ಗಲ್ಲಾದಲ್ಲಿದ್ದವರು ಮೊಣಕಾಲು ನೋವೆಂದು ತಿಳಿದು, "ಟೀಚರ್, ಕುರ್ಚಿ ತರಿಸ್ಲಾ?" ಎಂದರು. ನೋವೇನೂ ಇರಲಿಲ್ಲ. ಆ ವಾಸನೆಗೆ ಒಂದು ಮಳೆಗಾಲ ಪೂರ್ತಿ ಎದ್ದು ಬಂದಿತ್ತು, ಅಷ್ಟೆ.

ಆ ಮಳೆಗಾಲದಲ್ಲಿ ನಾನು ಅದೇ ಹಾಲಿನಲ್ಲಿ ವಿದ್ಯಾರ್ಥಿನಿಯಾಗಿದ್ದೆ. ವೇಣೂರಿನ ಕಡೆಯ ಹೈಸ್ಕೂಲಿನಲ್ಲಿ ಮಕ್ಕಳಿಗೆ ಲೆಕ್ಕ ಕಲಿಸುತ್ತಾ ನಿವೃತ್ತಿಯ ಹತ್ತಿರ ಬಂದವಳಿಗೆ ಬೆಂಚಿನ ಈಚೆ ಬದಿಯಲ್ಲಿ ಕೂರುವುದು ಹೇಗೆಂಬುದೇ ಮರೆತುಹೋಗಿತ್ತು. ನನ್ನನ್ನು ಸೇರಿಸಿಕೊಂಡದ್ದು ಒಂದು ದತ್ತಾಂಶ ನಿಗಾ ಸಮಿತಿಗೆ. ನನ್ನ ಗಂಡ ಈಗಲೂ ಅದನ್ನು "ದತ್ತು ಸಮಿತಿ" ಎನ್ನುತ್ತಾರೆ. ತಿದ್ದುವುದನ್ನು ನಾನು ಬಿಟ್ಟಿದ್ದೇನೆ.

ವಿಷಯ ಇಷ್ಟು. ನಮ್ಮ ಕಡೆ ಬೀಡಿ ಕಟ್ಟುವ ಹೆಂಗಸರಲ್ಲಿ ಗರ್ಭಿಣಿಯಾದಾಗ ರಕ್ತ ಕಡಿಮೆ ಇರುವುದು ಹೊಸ ಸುದ್ದಿಯಲ್ಲ. ದಿನವೂ ಕಬ್ಬಿಣದ ಮಾತ್ರೆ ನುಂಗುವುದು ಮೇಲೋ, ಒಂದೇ ಸಲ ಕೈಯ ನರಕ್ಕೆ ಡ್ರಿಪ್ ಹಾಕಿಸಿಕೊಳ್ಳುವುದು ಮೇಲೋ, ಯಾವುದರಿಂದ ಹುಟ್ಟುವ ಮಗುವಿನ ತೂಕ ಹೆಚ್ಚುತ್ತದೆ ಎಂದು ಒಂದು ಪ್ರಯೋಗ ನಡೆಯುತ್ತಿತ್ತು. ಊರಿನ ಬಾಯಲ್ಲಿ ಅದು "ಸ್ಟಡಿ". ಯಾರಿಗೆ ಯಾವುದು ಎನ್ನುವುದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಹೇಳುತ್ತದೆ. ಸ್ಟಡಿ ನಡೆಸುವ ಡಾಕ್ಟರುಗಳಿಗೇ ನಡುವೆ ಒಟ್ಟು ಲೆಕ್ಕ ನೋಡುವ ಹಕ್ಕಿಲ್ಲ, ನೋಡಿದರೆ ಮನಸ್ಸು ಒಂದು ಕಡೆಗೆ ವಾಲುತ್ತದೆ. ಹಾಗಾಗಿ ಹೊರಗಿನ ಕೆಲವರು ಬಾಗಿಲು ಹಾಕಿಕೊಂಡು ನೋಡುತ್ತಾರೆ. ಯಾರಿಗಾದರೂ ತೊಂದರೆ ಆಗುತ್ತಿದೆಯೋ, ಒಂದು ಮದ್ದು ಇನ್ನೊಂದಕ್ಕಿಂತ ನಿಲ್ಲಿಸಲೇಬೇಕಾದಷ್ಟು ಮೇಲಾಗಿದೆಯೋ ಎಂದು ನೋಡಿ, ಮುಂದುವರಿಸಿ ಎಂದೋ ನಿಲ್ಲಿಸಿ ಎಂದೋ ಹೇಳುತ್ತಾರೆ. ನೋಡಿದ್ದನ್ನು ಹೊರಗೆ ಬಾಯಿ ಬಿಡುವಂತಿಲ್ಲ. ಅಂಥವರಲ್ಲಿ ಊರಿನ ಪರವಾಗಿ ಒಬ್ಬರು ಬೇಕಿತ್ತು. ನನ್ನಮ್ಮ ಬೀಡಿ ಕಟ್ಟಿಯೇ ನಮ್ಮನ್ನು ಓದಿಸಿದವಳು, ನಾನು ಲೆಕ್ಕದ ಟೀಚರ್. ಆಯ್ಕೆ ಮಾಡಿದವರಿಗೆ ಅಷ್ಟು ಸಾಕಾಯಿತು.

ಹೊಸಬರು ಇಬ್ಬರೇ, ನಾನು ಮತ್ತು ಬಂಟ್ವಾಳದ ಮಕ್ಕಳ ಡಾಕ್ಟರು ಹಮೀದ್. ಅವರು ಬಹಳ ವರ್ಷ ಗಲ್ಫಿನಲ್ಲಿದ್ದು ಮರಳಿದವರು. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಸಭೆಯಲ್ಲಿ ನನ್ನ ಹಾಗೆಯೇ ಪಠ್ಯಪುಸ್ತಕದ ಕನ್ನಡ. ನಮಗೆ ಕಲಿಸಲು ಬಂದವರು ಸಮಿತಿಯ ಅಧ್ಯಕ್ಷೆ ದೇಸಾಯಿ ಮೇಡಂ, ಧಾರವಾಡದವರು, ಸಂಖ್ಯಾಶಾಸ್ತ್ರದಲ್ಲಿ ತಲೆ ನೆರೆಸಿಕೊಂಡವರು. ಕೈಮಗ್ಗದ ಸೀರೆ, ಕಾಲಿಗೆ ಗಂಡಸರ ರಬ್ಬರ್ ಬೂಟು. ನಮ್ಮ ಮಳೆಯ ಬಗ್ಗೆ ಯಾರೋ ಅವರನ್ನು ಚೆನ್ನಾಗಿ ಹೆದರಿಸಿ ಕಳಿಸಿದ್ದರು.

ಮೊದಲ ದಿನವೇ ಅಣಕು ಸಭೆ. ಮೇಡಂ ಒಂದಿಷ್ಟು ಸುಳ್ಳು ಅಂಕಿ ಕೊಟ್ಟರು. ಒಂದು ಗುಂಪಿನ ಮಕ್ಕಳು ಸ್ವಲ್ಪ ದಪ್ಪ, ಇನ್ನೊಂದರವು ಸ್ವಲ್ಪ ಸಣ್ಣ. "ಡಾಕ್ಟರ, ನೀವು ಹೇಳ್ರಿ. ಈ ಪ್ರಯೋಗ ನಿಲ್ಲಸೂಣೇನು? ಒಂದ ಮಾತಿನ್ಯಾಗ."

ಹಮೀದ್ ಡಾಕ್ಟರು ಕನ್ನಡಕ ತೆಗೆದು ಒರೆಸಿ, ಯೋಚನೆಯಲ್ಲಿ ತುಳುವಿಗೆ ಜಾರಿ, "ತೂಕ" ಎಂದರು.

ಮೇಡಂ ಮುಖ ಅರಳಿತು. "ಕರೆಕ್ಟ್. ತೂಕನ ಮುಖ್ಯ. ಆದ್ರ ಯಾರ ತೂಕ? ತಾಯಿದೋ, ಕೂಸಿಂದೋ?"

"ಯಾರದ್ದೂ ಅಲ್ಲ ಮೇಡಂ. ತೂಕ ಅಂದರೆ ತುಳುವಿನಲ್ಲಿ ನೋಡುವ ಅಂತ."

"ಏನ್ ನೋಡೂದು?"

"ಏನೂ ನೋಡ್ಲಿಕ್ಕಿಲ್ಲ. ಬೇಡ ಅಂತ."

ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಮೇಡಂ ಇಬ್ಬರ ಮುಖವನ್ನೂ ನೋಡುತ್ತಾ ಕುಳಿತರು. ಕೊನೆಗೆ ನಾನೇ ಬಿಡಿಸಿ ಹೇಳಬೇಕಾಯಿತು. ನಮ್ಮಲ್ಲಿ ಎದುರಿಗಿದ್ದವರಿಗೆ ಮುಖ ಮುರಿದು ಇಲ್ಲ ಎನ್ನುವ ಪದ್ಧತಿಯಿಲ್ಲ. ಹೆಣ್ಣು ಕೇಳಿಕೊಂಡು ಬಂದರೂ ತೂಕ, ಯಕ್ಷಗಾನದ ಚಂದಾಕ್ಕೆ ಬಂದರೂ ತೂಕ. ಕೇಳಿದವರು ಕಾಫಿ ಕುಡಿದು, ಅರ್ಥ ಮಾಡಿಕೊಂಡು, ಮತ್ತೆ ಆ ಮನೆಯ ಬಾಗಿಲಿಗೆ ಬರುವುದಿಲ್ಲ. ಕನ್ನಡದಲ್ಲಿ "ನೋಡುವ" ಎಂದರೂ ಅದೇ ಕತೆ.

"ಅಯ್ಯ, ನಮ್ಮ ಕಡೆ ನೋಡೂಣು ಅಂದ್ರ ಖರೇನ ನೋಡತಾರ," ಎಂದರು ಮೇಡಂ. ಆಮೇಲೆ ನಗು ನಿಲ್ಲಿಸಿ, "ಆದ್ರ ನಮ್ಮ ಕೆಲಸದಾಗ ನೋಡೂದು ಅಂದ್ರ ಸಣ್ಣ ಮಾತಲ್ರೀ. ನಡುನಡುವ ಹಣಿಕಿ ಹಾಕಿದಷ್ಟೂ ಕಣ್ಣು ಮೋಸ ಮಾಡತದ," ಎಂದು ಒಂದು ನಾಣ್ಯ ಕೊಟ್ಟು ಚಿಮ್ಮಲು ಹೇಳಿದರು. ಸ್ವಲ್ಪ ಚಿಮ್ಮುವುದು, ನಿಂತು ನೋಡುವುದು, ಮತ್ತೆ ಚಿಮ್ಮುವುದು. ಮೊದಮೊದಲು ಒಂದೇ ಬದಿ ಮೇಲೆ ಬೀಳುತ್ತಾ ಹೋಗಿ, ನಾಣ್ಯದಲ್ಲೇ ಐಬಿದೆ ಎಂದು ಹಮೀದ್ ಡಾಕ್ಟರು ಆಣೆ ಇಡುವಷ್ಟಾಯಿತು. ಚಿಮ್ಮುತ್ತಾ ಹೋದಂತೆ ಎರಡೂ ಬದಿ ಸಮಸಮ ಬಂದು ನಿಂತವು. ಡಾಕ್ಟರು ನಾಣ್ಯ ತಿರುಗಿಸಿ ನೋಡಿ, "ಕಂಬಳದ ಹಾಗೆ ಮೇಡಂ," ಎಂದರು. "ನಡುಗದ್ದೆಯಲ್ಲಿ ಯಾರ ಕೋಣ ಮುಂದೆ ಉಂಟು ಅಂತ ಕೂಗಿ ಪ್ರಯೋಜನ ಇಲ್ಲ. ಮಂಜೊಟ್ಟಿ ಮುಟ್ಟಬೇಕು." ಮಂಜೊಟ್ಟಿ ಎಂದರೆ ಕೋಣಗಳು ಓಡಿ ಹತ್ತುವ ಕೊನೆಯ ದಿಬ್ಬ ಎಂದು ತಿಳಿದ ಮೇಲೆ ಮೇಡಂ ಆ ಮಾತನ್ನು ಬಿಡಲೇ ಇಲ್ಲ. ಆ ಮಳೆಗಾಲ ಮುಗಿಯುವವರೆಗೆ ಅವರ ಬಾಯಲ್ಲಿ ಪ್ರಯೋಗಕ್ಕೆ ಅಂತ್ಯವಿರಲಿಲ್ಲ, ಮಂಜೊಟ್ಟಿ ಇತ್ತು.

ನಮಗೆ ಕಷ್ಟವಾದದ್ದು ಲೆಕ್ಕವಲ್ಲ, ಗುಟ್ಟು. ವೇಣೂರಿನ ಬಸ್ಸಿನಲ್ಲಿ ಗುಟ್ಟು ಇಟ್ಟುಕೊಂಡು ಪ್ರಯಾಣ ಮಾಡಿದವರು ಯಾರೂ ಇಲ್ಲ. "ಟೀಚರಿಗೆ ವಾರವಾರ ಮೂಡುಬಿದಿರೆಯಲ್ಲಿ ಎಂತ ವಿಶೇಷ?" ಎಂದು ಕಂಡಕ್ಟರು ಕೇಳಿದ, ನಾನು ಸಮಿತಿ ಎಂದೆ, ಯಾವ ಸಮಿತಿ ಎಂದ, ಅಷ್ಟರಲ್ಲಿ ಹಿಂದಿನ ಸೀಟಿನವರು ಹೇಳಿಯೇಬಿಟ್ಟರು. ಸಮಿತಿಯಲ್ಲಿರುವುದು ಗುಟ್ಟಲ್ಲ, ಒಳಗೆ ನೋಡುವುದು ಮಾತ್ರ ಗುಟ್ಟು ಎಂದು ಮೇಡಂ ಸಮಾಧಾನ ಹೇಳಿದರು. ಅದಕ್ಕೂ ಒಂದು ಅಭ್ಯಾಸ ಮಾಡಿಸಿದರು. ಕೈಚೀಲವನ್ನು ಸೀರೆಯೊಳಗೆ ಹೊಟ್ಟೆಗೆ ಒತ್ತಿಕೊಂಡು, ಗರ್ಭಿಣಿಯಾಗಿ, ಏದುಸಿರು ಬಿಡುತ್ತಾ ಬಂದು ನಿಂತರು.

"ಡಾಕ್ಟರ, ನೀವು ಸಮಿತಿಯೊಳಗ ಇದ್ದೀರಂತ. ಡ್ರಿಪ್ ಛಲೋನೋ, ಗುಳಿಗಿನೋ? ನನ್ನ ಹೆಸರು ಬರಸ್ಲೇನು?"

"ತೂ... ನೋಡುವ."

"ಆಯಿತು, ಹೋಯಿತು," ಎಂದೆ ನಾನು. "ಅವಳು ಸೀದಾ ಮನೆಗೆ ಹೋಗಿ, ಡಾಕ್ಟ್ರು ಬೇಡ ಅಂದ್ರು ಅಂತಾಳೆ. ಊರಿನಲ್ಲಿ ಯಾರೂ ಸೇರುವುದಿಲ್ಲ."

ಮೇಡಂ ಹೊಟ್ಟೆಯಿಂದ ಚೀಲ ತೆಗೆದು ಮೇಜಿನ ಮೇಲಿಟ್ಟರು. ಹೌದೂ ಅನ್ನಬಾರದು, ಇಲ್ಲವೂ ಅನ್ನಬಾರದು, ಎದುರಿಗಿದ್ದವರಿಗೆ ಬೇಸರವೂ ಆಗಬಾರದು, ಅಂಥ ಹೊತ್ತಿನಲ್ಲಿ ನಿಮ್ಮ ಕಡೆ ಏನಂತೀರಿ ಎಂದು ಕೇಳಿದರು. ನಾವಿಬ್ಬರೂ ಯೋಚಿಸಿದೆವು. "ಊಟ ಆಯ್ತಾ ಅಂತ ಕೇಳ್ತೇವೆ," ಎಂದರು ಡಾಕ್ಟರು. ಅದು ನಿಜ. ಮಾತು ಬದಲಿಸಲು, ಮಾತು ಮುಗಿಸಲು, ಮಾತು ಸಿಗದಿದ್ದಾಗ, ಕರಾವಳಿಯವರು ಊಟದ ಬಾಗಿಲಿನಿಂದಲೇ ಹೊರಗೆ ಹೋಗುವುದು. ಮೇಡಂ ಹಲಗೆಯ ಮೇಲೆ ಅದನ್ನು ದೊಡ್ಡದಾಗಿ ಬರೆದರು. ಮೊದಲು ನನಗೆ ಹೇಳುವಂತಿಲ್ಲ ಎನ್ನಬೇಕು, ಆಮೇಲೆ ಸ್ಟಡಿಯ ನರ್ಸನ್ನು, ಡಾಕ್ಟರನ್ನು ಬೇಕಾದಷ್ಟು ಕೇಳು ಎಂದು ಕಳಿಸಬೇಕು, ಆಮೇಲೆ ಊಟ. ಹುಬ್ಬು ಅಲುಗದ ಹಾಗೆ ನಾವು ಅದನ್ನು ಮತ್ತೆ ಮತ್ತೆ ಹೇಳಿ ಕಲಿತೆವು. ಊಟ ಬಡಿಸಲು ಬಂದವರು ನಾಟಕದ ತಾಲೀಮೆಂದು ತಿಳಿದಿರಬೇಕು.

ನಿಜವಾದ ಸಭೆ ಅದೇ ಹಾಲಿನ ಒಳಕೋಣೆಯಲ್ಲಿ, ಬಾಗಿಲಿಗೆ ಚಿಲಕ ಹಾಕಿ ನಡೆಯಿತು. ಹಳೆಯ ಸದಸ್ಯರಿಬ್ಬರು ಬೆಂಗಳೂರಿನಿಂದ ಕಂಪ್ಯೂಟರಿನ ಪರದೆಯಲ್ಲಿ ಕೂತಿದ್ದರು. ಅಂಕಿಗಳಲ್ಲಿ ಡ್ರಿಪ್, ಮಾತ್ರೆ ಎಂದು ಬರೆದಿರಲಿಲ್ಲ, ಕ ಗುಂಪು ಮತ್ತು ಖ ಗುಂಪು ಎಂದಷ್ಟೇ ಇತ್ತು. ಕ ಗುಂಪಿನ ಮಕ್ಕಳ ತೂಕ ಕಣ್ಣಿಗೆ ಕಾಣುವಷ್ಟು ಮೇಲಿತ್ತು. ಖ ಗುಂಪಿನ ತಾಯಂದಿರಿಗೆ ಮಲಬದ್ಧತೆ ಜಾಸ್ತಿ ಇತ್ತು. ಕಬ್ಬಿಣದ ಮಾತ್ರೆ ಒಂದು ವಾರ ನುಂಗಿದ ಯಾವ ಹೆಂಗಸಿಗಾದರೂ ಖ ಎಂದರೆ ಯಾವುದೆಂದು ಹೇಳಲು ಡಾಕ್ಟರಾಗಬೇಕಿಲ್ಲ. ನನಗೆ ತಿಳಿಯಿತು. ಹಮೀದ್ ಡಾಕ್ಟರಿಗೂ ತಿಳಿಯಿತೆಂದು ಅವರು ಕನ್ನಡಕ ಒರೆಸಿದ ರೀತಿಯಲ್ಲೇ ಗೊತ್ತಾಯಿತು. ಆದರೆ ಇಷ್ಟು ವ್ಯತ್ಯಾಸ ಬಂದರೆ ಮಾತ್ರ ನಿಲ್ಲಿಸುವುದೆಂದು ಮೊದಲೇ ಒಂದು ಗೆರೆ ಎಳೆದಿದ್ದರು, ಅದನ್ನು ಅಂಕಿ ಮುಟ್ಟಿರಲಿಲ್ಲ. ಮುಂದುವರಿಸಿ ಎಂದು ಎಲ್ಲರೂ ಹೇಳಿದೆವು.

ಮುಂದಿನ ಭಾನುವಾರವೇ ಶಶಿ ಬಂದಳು. ಶಶಿ ನನ್ನಕ್ಕನ ಮಗಳು, ಅಳದಂಗಡಿಗೆ ಮದುವೆ ಮಾಡಿ ಕೊಟ್ಟದ್ದು. ಅಕ್ಕ ತೀರಿಕೊಂಡ ಮೇಲೆ ಅವಳಿಗೆ ತವರು ಎಂದರೆ ನಮ್ಮ ಮನೆ. ಗಂಡ ಪಿಕಪ್ ಓಡಿಸುತ್ತಾನೆ, ಅವಳು ಬೀಡಿ ಕಟ್ಟುತ್ತಾಳೆ. ಹಿಂದಿನ ಸಲದ ಮಗು ದಿನ ತುಂಬುವ ಮೊದಲೇ ಹುಟ್ಟಿ, ತೀರ ಸಣ್ಣದಾಗಿದ್ದು, ಉಳಿದಿರಲಿಲ್ಲ. ಈಗ ಮತ್ತೆ ಗರ್ಭಿಣಿ, ಮತ್ತೆ ರಕ್ತ ಕಡಿಮೆ. ವೇಣೂರು ಬಸ್ಸಿಗೆ ಗೊತ್ತಾದದ್ದು ಅಳದಂಗಡಿಗೆ ಗೊತ್ತಾಗದೆ ಇರುತ್ತದೆಯೇ. ಅವಳು ಜಗಲಿಯಲ್ಲಿ ಕೊಡೆ ಬಿಡಿಸಿಟ್ಟು ನೇರ ಅಡುಗೆಮನೆಗೆ ಬಂದು, ಮಣೆ ಎಳೆದು ಕುಳಿತಳು. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಚಿಕ್ಕಮ್ಮ, ನರ್ಸ್ ಬಂದಿದ್ದರು. ಸ್ಟಡಿಗೆ ಸೇರ್ತೀಯಾ ಕೇಳಿದರು. ಎರಡೂ ಒಳ್ಳೆಯ ಮದ್ದೇ, ಯಾವುದು ಬರ್ತದೆ ಅಂತ ಕಂಪ್ಯೂಟರ್ ಹೇಳ್ತದಂತೆ." ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಡ್ರಿಪ್ ಒಳ್ಳೆಯದಾ, ಮಾತ್ರೆಯಾ? ನಿಮಗೆ ಗೊತ್ತುಂಟು. ಅಷ್ಟು ಹೇಳಿ."

ನನ್ನ ನಾಲಿಗೆಯ ತುದಿಗೆ ಬಂದದ್ದು "ತೂಕ". ಹಾಗೆಂದರೆ ಅವಳು ಸ್ಟಡಿಗೆ ಸೇರುವುದಿಲ್ಲ, ಮಾತ್ರೆಯನ್ನೂ ನಂಬುವುದಿಲ್ಲ. ನಾನು ಗಂಜಿ ಬಸಿಯುವ ನೆವದಲ್ಲಿ ಒಲೆಯ ಕಡೆಗೆ ತಿರುಗಿದೆ. ಬೆನ್ನಿಗೆ ಹುಬ್ಬಿಲ್ಲವಲ್ಲ.

"ಅದು ನನ್ನ ಹತ್ತಿರ ಕೇಳ್ಬೇಡ ಮಗಾ. ನನಗೆ ಹೇಳ್ಲಿಕ್ಕಿಲ್ಲ. ನರ್ಸ್ ಹತ್ತಿರ ಕೇಳು, ಡಾಕ್ಟ್ರ ಹತ್ತಿರ ಕೇಳು, ಎಷ್ಟು ಸಲ ಬೇಕಾದರೂ ಕೇಳು." ಕಲಿತ ಪಾಠ ಅಲ್ಲಿಯವರೆಗೆ ಸರಿಯಾಗಿ ಬಂತು. ಆಮೇಲೆ ಉಳಿದದ್ದೂ ಬಂತು. "ಊಟ ಆಯ್ತಾ?"

ಅವಳು ಬಂದದ್ದೇ ಊಟಕ್ಕೆ. ಭಾನುವಾರ ನನ್ನ ಮನೆಯಲ್ಲಿ ಹುರುಳಿ ಸಾರು, ಒಣಮೀನಿನ ಚಟ್ನಿ ಇರುತ್ತದೆಂದು ಅವಳಿಗೆ ಸಣ್ಣಂದಿನಿಂದ ಗೊತ್ತು. ಅವಳು ಎದ್ದು ಮಣೆಯನ್ನು ಗೋಡೆಗೆ ಒರಗಿಸಿದಳು.

"ಆಯ್ತು," ಎಂದಳು.

ನಾನು ಕೈ ಹಿಡಿದೆ, ಬಿಡಿಸಿಕೊಂಡಳು. ಅಂಗಳದಲ್ಲಿ ಕೊಡೆ ಬಿಡಿಸುತ್ತಾ, ನನ್ನ ಕಡೆ ನೋಡದೆ, "ಅಮ್ಮ ಇದ್ದಿದ್ದರೆ ಹೇಳ್ತಿದ್ದರು," ಎಂದಳು. ಅವಳ ಪಾಲಿನ ಅನ್ನ ಆ ದಿನ ಹಾಗೆಯೇ ಉಳಿಯಿತು.

ಸಂಜೆಯೇ ಮೇಡಂಗೆ ಫೋನು ಮಾಡಿ ಹೇಳಿದೆ. "ನೀವು ತಿಳಿಸಿದ್ದು ಛಲೋ ಆತು. ಆಕಿ ಸೇರಿದ್ರ ನೀವು ಬಾಗಲಾ ಹಾಕಿದ ಸಭಾದಾಗ ಕೂಡೂದು ಬ್ಯಾಡ," ಎಂದರು. ಶಶಿ ಸೇರಿದಳು. ಅವಳ ಪಾಲಿಗೆ ಬಂದದ್ದು ಮಾತ್ರೆ. ಅದನ್ನು ನನಗೆ ಹೇಳಿದ್ದೂ ಬಸ್ಸೇ.

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆನೆಂದರೆ, ತರಗತಿಯಲ್ಲಿ ಸರಾಸರಿ ಎಂದು ಬೋರ್ಡಿನ ಮೇಲೆ ಬರೆದರೆ ಖ ಗುಂಪು ಕಣ್ಣಿಗೆ ಬರುತ್ತಿತ್ತು. ಹೆಣ್ಣುಮಕ್ಕಳು ತವರಿಗೆ ಬರುವ ಆಟಿ ತಿಂಗಳಲ್ಲೂ ಶಶಿ ಬರಲಿಲ್ಲ, ಚೌತಿಗೂ ಬರಲಿಲ್ಲ. ನುಗ್ಗೆಸೊಪ್ಪಿನ ಪಲ್ಯ ಮಾಡಿ ಕಳಿಸುವ ಎಂದು ಅನಿಸಿತು, ಅದರಲ್ಲಿ ಕಬ್ಬಿಣ ಇದೆಯಲ್ಲ, ಪ್ರಯೋಗ ಕೆಟ್ಟುಹೋದರೆ ಎಂದು ಹೆದರಿಕೆಯೂ ಆಯಿತು. ಅದಕ್ಕೂ ಧಾರವಾಡಕ್ಕೆ ಫೋನು. ಮೇಡಂ ಬಹಳ ಹೊತ್ತು ನಕ್ಕರು. "ಕಳಸ್ರೀ ಟೀಚರ. ಪಲ್ಯಾಕ್ಕ ಯಾವ ಸಮಿತಿನೂ ಅಡ್ಡ ಬರೂದಿಲ್ಲ." ಡಬ್ಬಿ ಕಂಡಕ್ಟರನ ಕೈಯಲ್ಲಿ ಅಳದಂಗಡಿಗೆ ಹೋಯಿತು. ತೊಳೆದು, ಒರೆಸಿ, ಖಾಲಿಯಾಗಿ ಮರಳಿತು. ನಮ್ಮಲ್ಲಿ ಪಾತ್ರೆಯನ್ನು ಖಾಲಿ ಮರಳಿಸುವುದಿಲ್ಲ, ಏನಿಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯನ್ನಾದರೂ ಹಾಕುತ್ತಾರೆ. ಆ ಖಾಲಿ ಡಬ್ಬಿಯ ಮುಂದೆ ನಾನು ಅತ್ತೆ. ಮಾರನೆಯ ವಾರ ಅದರಲ್ಲೇ ಮತ್ತೆ ಪಲ್ಯ ತುಂಬಿ ಕಳಿಸಿದೆ.

ಎರಡನೆಯ ಸಭೆ ನವರಾತ್ರಿ ಕಳೆದ ಮೇಲೆ. ನನ್ನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಒಳಗೆ ಚಿಲಕ ಹಾಕಿದರು. ಪರೀಕ್ಷೆಯ ಹಾಲಿನ ಹೊರಗೆ ಕೂರುವ ತಂದೆತಾಯಿಯರನ್ನು ನಾನು ಎಷ್ಟೋ ವರ್ಷ ಗದರಿಸಿದ್ದೇನೆ. ಈಗ ನಾನೇ ಬಾಗಿಲಿನ ಸಂದಿ ನೋಡುತ್ತಾ ಕೂತಿದ್ದೆ. ಹಮೀದ್ ಡಾಕ್ಟರು ಹೊರಗೆ ಬಂದರು.

"ಎಂತ ಡಾಕ್ಟ್ರೇ?"

ಅವರು ನನ್ನನ್ನು ನೋಡಿದರು. ಮುಖದಲ್ಲಿ ಒಂದು ಗೆರೆಯೂ ಇರಲಿಲ್ಲ.

"ಟೀಚರ್, ಊಟ ಆಯ್ತಾ?"

ಆ ಕನ್ನಡಕ ಕಿತ್ತು ಮಳೆಗೆ ಎಸೆಯುವಷ್ಟು ಸಿಟ್ಟು ಬಂತು. ಅವರಿಗೆ ಗೊತ್ತು, ನನ್ನ ಶಶಿಯ ವಿಷಯ ಅವರಿಗೆ ಗೊತ್ತು, ಆದರೂ ಊಟ ಕೇಳುತ್ತಾರೆ. ಆ ಭಾನುವಾರ ಶಶಿ ಏನನ್ನು ನುಂಗಿಕೊಂಡು ಹೋದಳೆಂದು ನನಗೆ ಆಗ ತಿಳಿಯಿತು. ಡಾಕ್ಟರು "ಬನ್ನಿ, ಊಟ ಮಾಡುವ," ಎಂದು ಕೆಳಗೆ ಕರೆದುಕೊಂಡು ಹೋದರು. ನನ್ನ ಎದುರು ಕುಳಿತು ಮಳೆ ಹಿಡಿದದ್ದು, ಮೀನಿನ ರೇಟು ಏರಿದ್ದು, ಎಲ್ಲವನ್ನೂ ಮಾತಾಡಿದರು. ನಾನು ಉಣ್ಣದೆ ಅನ್ನ ಕಲಸುತ್ತಿದ್ದುದನ್ನು ನೋಡಿ ತಮ್ಮ ಎಲೆಯ ಹಪ್ಪಳ ತೆಗೆದು ನನ್ನ ಎಲೆಗೆ ಹಾಕಿದರು. ಅದರಲ್ಲೂ ಯಾವ ಸುಳಿವೂ ಇರಲಿಲ್ಲ, ಪ್ರೀತಿ ಮಾತ್ರ ಇತ್ತು.

ಚಳಿಗಾಳಿ ಶುರುವಾದಾಗ ಶಶಿಯ ಗಂಡನ ಫೋನು ಬಂತು. "ಹೆಣ್ಣು," ಎಂದ. ತೂಕ ಎಷ್ಟು ಎಂದು ಕೇಳಿದೆ. "ಎರಡೂಮುಕ್ಕಾಲು ಕಿಲೋ. ಕೂಗುವುದು ಕೇಳ್ತದಾ?" ಕೇಳುತ್ತಿತ್ತು. ಬಸ್ಸಿನ ಹಾರನ್ನಿನಷ್ಟು ಜೋರಾಗಿ ಕೇಳುತ್ತಿತ್ತು.

ಪ್ರಯೋಗ ಮಂಜೊಟ್ಟಿ ಮುಟ್ಟಿದ್ದು ಮರುವರ್ಷ. ನಾವು ಮೊದಲ ಸಭೆಯಲ್ಲಿ ಕಂಡ ವ್ಯತ್ಯಾಸ ಜನ ಹೆಚ್ಚಿದಂತೆ ಕರಗುತ್ತಾ ಹೋಗಿತ್ತು. ಡ್ರಿಪ್ ಪಡೆದವರಲ್ಲಿ ರಕ್ತ ಬೇಗ ಏರಿತ್ತು ನಿಜ, ಮಕ್ಕಳ ತೂಕದಲ್ಲಿ ಹೇಳಿಕೊಳ್ಳುವಂಥ ಹೆಚ್ಚುಕಡಿಮೆ ಉಳಿದಿರಲಿಲ್ಲ. ಆ ದಿನ ನಾನು ಬಾಯಿ ಬಿಟ್ಟಿದ್ದರೆ ಶಶಿ ಅಷ್ಟೂ ತಿಂಗಳು ಮಾತ್ರೆ ನುಂಗುವಾಗಲೆಲ್ಲ ತನ್ನ ಮಗುವಿಗೆ ಕಡಿಮೆಯದು ಸಿಕ್ಕಿತೆಂದು ಹೆದರುತ್ತಾ, ನಡುಗದ್ದೆಯ ಕೋಣವನ್ನು ನಂಬಿ ಕೂತಿರುತ್ತಿದ್ದಳು. ಆದರೆ ಒಂದು ಮಾತು ಇಲ್ಲಿ ಹೇಳಲೇಬೇಕು. ಲೆಕ್ಕ ಬೇರೆ ಕಡೆಗೆ ಹೋಗಿದ್ದರೂ ನಾನು ಆ ಭಾನುವಾರ ಅದೇ ಉತ್ತರ ಕೊಡಬೇಕಾಗಿತ್ತು. ಗೆದ್ದ ಮೇಲೆ ನಿಯಮವನ್ನು ಹೊಗಳುವುದು ಸುಲಭ.

ಫಲಿತಾಂಶವನ್ನು ಸ್ಟಡಿಯಲ್ಲಿದ್ದ ತಾಯಂದಿರನ್ನು ಕರೆದು ತಿಳಿಸಿದರು. ಆ ವಾರ ನನ್ನ ಡಬ್ಬಿ ಮರಳಿದಾಗ ಅದರ ತುಂಬ ಕೆಸುವಿನೆಲೆಯ ಪತ್ರೊಡೆ ಇತ್ತು. ಶಶಿ ಮಗುವನ್ನು ಎತ್ತಿಕೊಂಡು ಬಂದು ಹೋಗಲು ಶುರು ಮಾಡಿದಳು. ಮಗು ಈಗ ಅಂಗನವಾಡಿಗೆ ಹೋಗುತ್ತದೆ. ಆದರೆ ಆ ಭಾನುವಾರದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಮ್ಮ ಮನೆಯಲ್ಲಿ ಉಂಡು ಹೋಗುತ್ತಾಳೆ, ಊಟ ಆಯ್ತಾ ಎಂದು ಮಾತ್ರ ನಾನು ಅವಳನ್ನು ಕೇಳಿದ್ದಿಲ್ಲ.

ಕಳೆದ ತಿಂಗಳು ನಾನು ಆ ಮೆಟ್ಟಿಲು ಹತ್ತಿದ್ದು ಕಲಿಸಲಿಕ್ಕೆ. ಬೀಡಿ ಕಟ್ಟುವವರ ಕೆಮ್ಮಿಗೆ ಹೊಸದೊಂದು ಮದ್ದಿನ ಪ್ರಯೋಗ, ಅದಕ್ಕೊಂದು ಹೊಸ ನಿಗಾ ಸಮಿತಿ. ಮೇಡಂಗೆ ಈಗ ದೂರ ಪ್ರಯಾಣ ಆಗುವುದಿಲ್ಲ. "ಇನ್ನ ನೀವ ಕಲಸ್ರಿ. ಮಂಜೊಟ್ಟಿ ಮರೀಬ್ಯಾಡ್ರಿ," ಎಂದಿದ್ದರು. ಹೊಸಬರು ಮೂವರು ಬಂದರು. ಒಬ್ಬರು ಡಾಕ್ಟರು, ಒಬ್ಬರು ಕಾಲೇಜಿನ ಉಪನ್ಯಾಸಕರು. ಮೂರನೆಯವಳು ಒದ್ದೆ ಕೊಡೆಯನ್ನು ಮೂಲೆಗಿಟ್ಟು ತಿರುಗಿದಾಗ ನೋಡಿದರೆ ಶಶಿ.

"ಸ್ಟಡಿಯಲ್ಲಿ ಇದ್ದು ಬಂದ ಒಬ್ಬರು ಬೇಕಂತೆ ಟೀಚರ್. ನರ್ಸ್ ನನ್ನ ಹೆಸರು ಕೊಟ್ಟಿದ್ದಾರೆ," ಎಂದಳು. ಎಲ್ಲರ ಎದುರು ಚಿಕ್ಕಮ್ಮ ಎನ್ನಲಿಲ್ಲ.

ನಾಣ್ಯ ಚಿಮ್ಮಿಸಿದೆ, ಕಂಬಳ ಹೇಳಿದೆ, ತೂಕದ ಕತೆ ಹೇಳಿ ನಗಿಸಿದೆ. ಮಧ್ಯಾಹ್ನವಾಗುತ್ತಾ ಬಂದಾಗ ಕೈಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ಗರ್ಭಿಣಿಯಾದೆ. ಮೊದಲು ಡಾಕ್ಟರ ಮುಂದೆ, ಆಮೇಲೆ ಉಪನ್ಯಾಸಕರ ಮುಂದೆ ನಿಂತು ಕೇಳಿದೆ. ಕೊನೆಗೆ ಶಶಿಯ ಬೆಂಚಿನ ಮುಂದೆ ಬಂದೆ. ಉದಾಹರಣೆ ಹಳೆಯ ಸ್ಟಡಿಯದೇ. ಮಾತೂ ಹಳೆಯದೇ ಬಾಯಿಗೆ ಬಂತು.

"ಡ್ರಿಪ್ ಒಳ್ಳೆಯದಾ, ಮಾತ್ರೆಯಾ? ನಿಮಗೆ ಗೊತ್ತುಂಟು. ಅಷ್ಟು ಹೇಳಿ."

ಶಶಿ ನನ್ನ ಮುಖ ನೋಡಿದಳು. ಬೇರೆಯವರಿಗೆ ಅದು ಪಾಠ. ಅವಳ ತುಟಿ "ತೂ" ಎನ್ನುವ ಆಕಾರಕ್ಕೆ ಬಂದು ನಿಂತಿತು. ಅವಳಿಗೆ ತಿರುಗಿಕೊಳ್ಳಲು ಅಲ್ಲಿ ಒಲೆಯಿರಲಿಲ್ಲ, ಬಸಿಯಲು ಗಂಜಿಯೂ ಇರಲಿಲ್ಲ. ಕಣ್ಣು ತುಂಬಿದರೂ ಹುಬ್ಬು ಅಲುಗಲಿಲ್ಲ.

"ಅದು ನನ್ನ ಹತ್ತಿರ ಕೇಳ್ಬೇಡಿ. ನನಗೆ ಹೇಳ್ಲಿಕ್ಕಿಲ್ಲ. ನರ್ಸ್ ಹತ್ತಿರ ಕೇಳಿ, ಎಷ್ಟು ಸಲ ಬೇಕಾದರೂ ಕೇಳಿ." ಬೆಂಚಿನಲ್ಲಿ ಸ್ವಲ್ಪ ಸರಿದಳು. "ಚಿಕ್ಕಮ್ಮ, ಊಟ ಆಯ್ತಾ?"

ಪಾಠದ ಪ್ರಕಾರ ಗರ್ಭಿಣಿ ಅಲ್ಲಿಗೆ ಹೊರಟುಹೋಗಬೇಕು. ನಾನು ಹೊಟ್ಟೆಯ ಚೀಲ ತೆಗೆದು ಬೆಂಚಿನ ಮೇಲಿಟ್ಟು, ಅವಳ ಪಕ್ಕದಲ್ಲಿ ಕುಳಿತೆ.

"ಇಲ್ಲ ಮಗಾ," ಎಂದೆ. "ಬಾ, ಒಟ್ಟಿಗೆ ಉಣ್ಣುವ."